ಮಾತು ತಡವಾದರೆ ಅದು ಕನ್ನಡದ ತಪ್ಪಲ್ಲ

ಮೂರು ವರ್ಷದ ಹಿಂದೆ ನಮ್ಮ ಸಂಘದ ವಾರ್ಷಿಕೋತ್ಸವದ ದಿನ. ವೇದಿಕೆಯ ಮೇಲೆ ಮಕ್ಕಳ ನೃತ್ಯ ನಡೆಯುತ್ತಿತ್ತು. ಸಭಾಗೃಹದ ಕೊನೆಯ ಸಾಲಿನಲ್ಲಿ ನನ್ನ ದೊಡ್ಡಕ್ಕ ನಾಲ್ಕು ವರ್ಷದ ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಮೌನವಾಗಿ ಕೂತಿದ್ದರು. ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಮಾತಿಗೆ ಹೆಸರಾದವರು ಅವರೇ. ಹತ್ತಿರ ಹೋಗಿ ವಿಚಾರಿಸಿದೆ. "ಕನ್ನಡ ಮಾತಾಡುಕಾಗ ಅಂದಿದ್ರ್ ಮಾರಾಯ. ಇಂಗ್ಲಿಷ್ ನಂಗೆ ಬತ್ತಿಲ್ಲೆ. ಅದಕ್ಕೆ ಸುಮ್ನೆ ಕೂಕಂಡಿದ್ದೆ" ಎಂದರು.

ವಿಷಯ ಇಷ್ಟು. ಮೊಮ್ಮಗನಿಗೆ ಮಾತು ಬಂದಿರಲಿಲ್ಲ. ಎರಡು ವರ್ಷವಾದಾಗ ಎಲ್ಲರೂ, "ಗಂಡು ಹುಡುಗರಿಗೆ ಮಾತು ತಡ, ಅವನ ಅಪ್ಪನೂ ಹಾಗೇ ಇದ್ದ" ಎಂದು ಸಮಾಧಾನ ಹೇಳಿದರು. ಊರಿನಿಂದ ಬಜೆ ತರಿಸಿ ತೇದು ನಾಲಗೆಗೆ ಸವರಿದ್ದೂ ಆಯಿತು. ದೇವರಿಗೆ ಹರಕೆ ಹೊತ್ತದ್ದೂ ಆಯಿತು. ಮೂರು ತುಂಬಿ ಶಿಶುವಿಹಾರಕ್ಕೆ ಸೇರಿಸಿದಾಗ ಅಲ್ಲಿನವರು, "ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ-ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮಗು ಗೊಂದಲಕ್ಕೆ ಬಿದ್ದಿದೆ. ಇವತ್ತಿನಿಂದ ಇಂಗ್ಲಿಷ್ ಒಂದೇ ಮಾತಾಡಿ" ಎಂದರು. ಮಗ-ಸೊಸೆ ಹೆದರಿ ಹಾಗೆಯೇ ಮಾಡಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಗುವನ್ನು ನೋಡಿಕೊಳ್ಳುವ ಅಜ್ಜಿ ಮೂಕಿಯಾದರು. ಆ ಮೌನವನ್ನು ಟಿ.ವಿ.ಯ ಇಂಗ್ಲಿಷ್ ಕಾರ್ಟೂನ್ ತುಂಬಿತು.

ಮುಂಬಯಿ, ಠಾಣೆ, ಪುಣೆಯ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಇಂಥದೇ ಕತೆ ಇದೆ ಎಂಬುದು ಆಮೇಲೆ ನಾಲ್ಕು ಜನರೊಡನೆ ಮಾತಾಡಿದಾಗ ತಿಳಿಯಿತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಕಿವಿ ಕೇಳದ ಮಗು, ಕಣ್ಣು ಕಾಣದ ಮಗು, ಆಟಿಸಂ ಇರುವ ಮಗು, ಡೌನ್ ಸಿಂಡ್ರೋಮ್ ಇರುವ ಮಗು - ಹೀಗೆ ಬೆಳವಣಿಗೆಯ ದಾರಿ ಬೇರೆಯಾಗಿರುವ ಮಕ್ಕಳ ಮನೆಯವರಿಗೆ ಮೊದಲು ಸಿಗುವ ಸಲಹೆ 'ಮನೆಮಾತು ಬಿಡಿ' ಎಂಬುದೇ. ಈ ಸಲಹೆ ಸರಿಯೇ?

ಗೊಂದಲ ಮಗುವಿಗಲ್ಲ, ನಮಗೆ

ಸರಿಯಲ್ಲ ಎಂಬುದೇ ಈ ತನಕ ನಡೆದ ಅಧ್ಯಯನಗಳ ಉತ್ತರ. 2005ರಲ್ಲಿ ಕೆನಡಾದ ಎಲಿಜಬೆತ್ ಕೇ-ರೇನಿಂಗ್ ಬರ್ಡ್ ಮತ್ತು ಸಂಗಡಿಗರು ಎರಡು ಭಾಷೆಯ ನಡುವೆ ಬೆಳೆಯುತ್ತಿದ್ದ ಡೌನ್ ಸಿಂಡ್ರೋಮ್ ಮಕ್ಕಳನ್ನು, ಅದೇ ತೊಂದರೆಯಿದ್ದು ಒಂದೇ ಭಾಷೆ ಕೇಳಿ ಬೆಳೆಯುತ್ತಿದ್ದ ಮಕ್ಕಳೊಡನೆ ಹೋಲಿಸಿದರು. ಎರಡು ಭಾಷೆಯ ಮಕ್ಕಳು ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಅದರ ಜೊತೆಗೆ ಇನ್ನೊಂದು ಭಾಷೆಯನ್ನೂ ತಮ್ಮ ಶಕ್ತಿಯಷ್ಟು ಕಲಿತಿದ್ದರು. 2012ರಲ್ಲಿ ಮಾಂಟ್ರಿಯಲ್ ನಗರದ ಹ್ಯಾಂಬ್ಲಿ ಮತ್ತು ಫೋಂಬೋನ್ ಆಟಿಸಂ ಇರುವ ಮಕ್ಕಳ ಬಗ್ಗೆ ನಡೆಸಿದ ಅಧ್ಯಯನದಲ್ಲೂ ಎರಡು ಭಾಷೆ ಕೇಳುವುದರಿಂದ ಮಾತು ಇನ್ನಷ್ಟು ತಡವಾದದ್ದು ಕಂಡುಬರಲಿಲ್ಲ.

ಆಟಿಸಂ ಇದ್ದರೆ ಮಾತು ತಡವಾಗಬಹುದು. ಕಿವಿ ಕೇಳದಿದ್ದರೆ ಮಾತು ತಡವಾಗುತ್ತದೆ. ಕನ್ನಡ ಕೇಳಿದ್ದರಿಂದ ತಡವಾಗುವುದಿಲ್ಲ. ಆದರೆ ಕಾರಣವನ್ನು ಭಾಷೆಯ ತಲೆಗೆ ಕಟ್ಟಿದರೆ ನಿಜವಾದ ಕಾರಣ ಹುಡುಕುವ ಕೆಲಸ ಒಂದೆರಡು ವರ್ಷ ಹಿಂದೆ ಬೀಳುತ್ತದೆ. ಅಕ್ಕನ ಮನೆಯಲ್ಲಿ ಆದದ್ದೂ ಅದೇ.

ಇನ್ನೊಂದು ನಷ್ಟವೂ ಇದೆ. ನಮಗೆ ಸಲೀಸಲ್ಲದ ಭಾಷೆಯಲ್ಲಿ ನಾವು ಮಗುವಿನೊಡನೆ ಎಷ್ಟು ಮಾತಾಡಬಲ್ಲೆವು? "ಕಮ್, ಸಿಟ್, ಈಟ್, ಡೋಂಟ್" ಎಂಬ ನಾಲ್ಕು ಅಪ್ಪಣೆಗೆ ಮಾತು ಮುಗಿಯುತ್ತದೆ. ಸ್ನಾನ ಮಾಡಿಸುವಾಗ ಹೇಳುವ ತಮಾಷೆ, ಅನ್ನ ಕಲಸುವಾಗಿನ ಕಾಗಕ್ಕ-ಗುಬ್ಬಕ್ಕನ ಕತೆ, ಮಲಗಿಸುವಾಗಿನ ಜೋಗುಳ, ಸಿಟ್ಟು, ಮುದ್ದು ಇವೆಲ್ಲ ಬರುವುದು ತಾಯ್ನುಡಿಯಲ್ಲೇ. ಮಾತು ಕಲಿಯಲು ಕಷ್ಟಪಡುವ ಮಗುವಿಗೆ ಬೇರೆ ಮಕ್ಕಳಿಗಿಂತ ಹೆಚ್ಚು ಮಾತು ಬೇಕು. ಹೀಗಿರುವಾಗ ಇದ್ದ ಮಾತನ್ನೂ ಕಸಿದುಕೊಂಡರೆ ಹೇಗೆ?

ಮೊದಲು ಕಿವಿ ಪರೀಕ್ಷೆ

ಮಾತು ತಡವಾದ ಯಾವ ಮಗುವಿಗೇ ಆಗಲಿ, ಮೊದಲ ಕೆಲಸ ಕಿವಿಯ ಪರೀಕ್ಷೆ. ಹಿಂದಿನಿಂದ ಚಪ್ಪಾಳೆ ತಟ್ಟಿ, ತಟ್ಟೆ ಬಡಿದು, 'ತಿರುಗಿ ನೋಡಿತು, ಕಿವಿ ಸರಿಯಿದೆ' ಎಂದು ತೀರ್ಮಾನಿಸಬೇಡಿ. ದೊಡ್ಡ ಸದ್ದು ಕೇಳುವ ಮಗುವಿಗೆ 'ಸ', 'ಶ', 'ಫ' ಮುಂತಾದ ತೆಳು ಧ್ವನಿಗಳು ಕೇಳದಿರಬಹುದು. ನೆಗಡಿ ಬಂದಾಗಲೆಲ್ಲ ಕಿವಿತಮಟೆಯ ಹಿಂದೆ ನೀರು ಕಟ್ಟಿಕೊಂಡು ಕೆಲವು ವಾರ ಕೇಳುವುದು ಮಂದವಾಗಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ.

ಪರೀಕ್ಷೆ ನೋವಿನದಲ್ಲ. ಓ.ಎ.ಇ. ಎಂಬ ಪರೀಕ್ಷೆಯಲ್ಲಿ ಕಿವಿಯೊಳಗೆ ಚಿಕ್ಕದೊಂದು ಮೊನೆ ಇಟ್ಟು ಮೆಲುದನಿ ಕೇಳಿಸಿ, ಒಳಗಿವಿ ಕೊಡುವ ಪ್ರತಿಧ್ವನಿಯನ್ನು ಅಳೆಯುತ್ತಾರೆ. ಕೆಲವೇ ನಿಮಿಷದ ಕೆಲಸ. ಬೇರಾ ಪರೀಕ್ಷೆಯಲ್ಲಿ ಮಗು ಮಲಗಿರುವಾಗ ತಲೆಗೆ ತಂತಿ ಅಂಟಿಸಿ, ಸದ್ದು ನರದ ಮೂಲಕ ಮಿದುಳಿಗೆ ತಲುಪುತ್ತಿದೆಯೇ ಎಂದು ನೋಡುತ್ತಾರೆ. ಹುಟ್ಟಿದ ಮಗುವಿಗೂ ಇವನ್ನು ಮಾಡಬಹುದು. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ - ಇದು ತಜ್ಞರು ಹೇಳುವ 1-3-6ರ ಸೂತ್ರ. ಅಮೆರಿಕದ ಕೊಲೊರಾಡೊದಲ್ಲಿ ಯೋಶಿನಾಗಾ-ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ಕಿವುಡು ಪತ್ತೆಯಾಗಿ ನೆರವು ದೊರೆತ ಮಕ್ಕಳ ಭಾಷೆ ತಡವಾಗಿ ಪತ್ತೆಯಾದ ಮಕ್ಕಳಿಗಿಂತ ಎಷ್ಟೋ ಚೆನ್ನಾಗಿತ್ತು.

ಅವಧಿಗೆ ಮುಂಚೆ ಹುಟ್ಟಿದ ಮಗು, ಹುಟ್ಟಿದಾಗ ತೀವ್ರ ಕಾಮಾಲೆಯಾದ ಮಗು, ಮಿದುಳಿನ ಜ್ವರ ಬಂದ ಮಗು, ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಗು - ಇವರ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಸೋದರಮಾವ, ಅತ್ತೆಮಗ ಎಂದು ಸಂಬಂಧದೊಳಗೇ ಕೊಟ್ಟು-ತರುವ ಪದ್ಧತಿ ನಮ್ಮಲ್ಲಿ ಇರುವುದರಿಂದ ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಮಕ್ಕಳ ಕಿವುಡುತನದಲ್ಲಿ ನೂರಕ್ಕೆ ಸುಮಾರು 60ರಷ್ಟನ್ನು ತಡೆಯಬಹುದಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ಹರಕೆ ಹೊರುವವರು ಹೊರಲಿ, ಕಿವಿ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಬಜೆಯ ಜೊತೆ ಜೇನು ನೆಕ್ಕಿಸುವುದಂತೂ ಬೇಡ. ಒಂದು ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ.

ಯಾವಾಗ ಎಚ್ಚರ?

ಮಗು ಏಳೆಂಟು ತಿಂಗಳಿಗೆ 'ಬಬಬ, ದದದ' ಎನ್ನಬೇಕು. ವರ್ಷದ ಹೊತ್ತಿಗೆ ಹೆಸರು ಕರೆದರೆ ತಿರುಗಬೇಕು, ಬೇಕಾದದ್ದನ್ನು ಬೆರಳು ಮಾಡಿ ತೋರಿಸಬೇಕು, ಟಾಟಾ ಮಾಡಬೇಕು. ಒಂದೂಕಾಲು-ಒಂದೂವರೆ ವರ್ಷಕ್ಕೆ ಒಂದೂ ಪದ ಇಲ್ಲದಿದ್ದರೆ, ಎರಡು ವರ್ಷಕ್ಕೆ 'ಅಮ್ಮ ಬಾ', 'ಹಾಲು ಬೇಕು' ಎಂದು ಎರಡು ಪದ ಕೂಡಿಸದಿದ್ದರೆ ತೋರಿಸಬೇಕು. ಬಂದ ಮಾತು ನಿಂತುಹೋದರೆ ಯಾವ ವಯಸ್ಸೇ ಆಗಿರಲಿ, ಒಂದು ವಾರವೂ ಕಾಯಬಾರದು.

ಲೆಕ್ಕ ಹಾಕುವಾಗ ಒಂದು ವಿಷಯ ಮರೆಯಬೇಡಿ. ಮಗುವಿನ ಪದಗಳನ್ನು ಎಲ್ಲ ಭಾಷೆಗಳಿಂದಲೂ ಕೂಡಿಸಬೇಕು. 'ನೀರು' ಎಂಬುದು ಅಜ್ಜಿಯಿಂದ, 'ಪಾಣಿ' ಕೆಲಸದ ಬಾಯಿಯಿಂದ, 'ಬಾಲ್' ಶಿಶುವಿಹಾರದಿಂದ ಬಂದಿರಬಹುದು. ಒಂದೇ ಭಾಷೆಯ ಪದಗಳನ್ನು ಎಣಿಸಿದರೆ ನಮ್ಮ ಮಕ್ಕಳೆಲ್ಲ ಹಿಂದುಳಿದವರಂತೆ ಕಾಣುತ್ತಾರೆ. ವೈದ್ಯರ ಬಳಿ ಹೋಗುವ ಮುನ್ನ ಅಜ್ಜ-ಅಜ್ಜಿಯರನ್ನೂ ಕೇಳಿ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡು ಹೋಗಿ.

ಒಂದೊಂದು ಮಗುವಿಗೆ ಒಂದೊಂದು ದಾರಿ

ಅಕ್ಕನ ಮೊಮ್ಮಗನಿಗೆ ಕಿವಿ ಸರಿಯಾಗಿಯೇ ಕೇಳುತ್ತಿತ್ತು. ಮುಂದಿನ ಪರೀಕ್ಷೆಗಳಲ್ಲಿ ಆಟಿಸಂ ಇದೆ ಎಂದು ತಿಳಿಯಿತು. ಇಂಥ ಮಕ್ಕಳಲ್ಲಿ ಹಲವರು ಪದಗಳನ್ನು ಬಿಡಿಬಿಡಿಯಾಗಿ ಕಲಿಯುವುದಿಲ್ಲ. ಕೇಳಿದ ಇಡೀ ವಾಕ್ಯವನ್ನು ಅದೇ ರಾಗದಲ್ಲಿ ಮರಳಿ ಹೇಳುತ್ತಾರೆ. ಹಸಿವಾದಾಗ ಈ ಹುಡುಗ ಹೇಳಿದ ಮೊದಲ ಸ್ಪಷ್ಟ ಮಾತು, "ಎಂತ ಬೇಕು ಮಗಾ?" ಅಜ್ಜಿಯನ್ನೇ 'ಮಗಾ' ಎನ್ನುತ್ತಾನೆ ಎಂದು ಬಂದ ನೆಂಟರು ನಕ್ಕರು. ಸೊಸೆಗೆ ಅಳು ಬಂತು. ಆದರೆ ಅದು ಅರ್ಥವಿಲ್ಲದ ಗಿಳಿಪಾಠ ಆಗಿರಲಿಲ್ಲ. ಅಜ್ಜಿ ಹೀಗೆ ಕೇಳಿದ ಮೇಲೆ ತಿಂಡಿ ಬರುತ್ತದೆ ಎಂದು ಅವನು ಗಮನಿಸಿದ್ದ. ತಿಂಡಿ ಕೇಳಲು ಅವನಿಗೆ ಸಿಕ್ಕ ವಾಕ್ಯ ಅದೇ. ಹೀಗೆ ಮರುನುಡಿಯುವುದೂ ಸಂವಹನದ ಒಂದು ಮೆಟ್ಟಿಲು ಎಂದು ಅಮೆರಿಕದ ಬ್ಯಾರಿ ಪ್ರಿಜಂಟ್ ಮುಂತಾದವರು 1980ರ ದಶಕದಿಂದ ಹೇಳುತ್ತ ಬಂದಿದ್ದಾರೆ. ಮಾತಿನ ತರಬೇತಿ ಕೊಡುವವರು ಅಕ್ಕನಿಗೆ ಹೇಳಿಕೊಟ್ಟದ್ದು ಸಣ್ಣ ಉಪಾಯ. ಬಯ್ಯಬೇಡಿ, ತಿದ್ದಬೇಡಿ, ಅವನು ಹೇಳಬೇಕಾದ ಮಾತನ್ನು ಅವನ ಪರವಾಗಿ ನೀವೇ ಹೇಳಿ: "ನಂಗೆ ದೋಸೆ ಬೇಕು." ಹೇಳಿ, ತಕ್ಷಣ ದೋಸೆ ಕೊಡಿ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಸಾಮಾನ್ಯವಾಗಿ ಆಡುವುದಕ್ಕಿಂತ ಹೆಚ್ಚು ಅರ್ಥವಾಗುತ್ತದೆ. ಬಾಯಿಯ ಸ್ನಾಯು ಸಡಿಲವಾಗಿರುವುದರಿಂದ ಉಚ್ಚಾರ ಕಷ್ಟ. ಮಾತಿನ ಜೊತೆಗೆ 'ಬೇಕು, ಸಾಕು, ಇನ್ನೂ, ಬಾ' ಎಂಬುದಕ್ಕೆ ಕೈಸನ್ನೆ ಕಲಿಸಿದರೆ ಸಿಟ್ಟು, ಹಟ ಕಡಿಮೆಯಾಗುತ್ತದೆ. ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂಬ ಹೆದರಿಕೆ ಬೇಡ. ಸನ್ನೆಯಿಂದ ಮಾತಿಗೆ ಸಹಾಯವೇ ಆಗುತ್ತದೆ.

ಕಣ್ಣು ಕಾಣದ ಮಗುವಿನ ಮುಂದೆ 'ನೋಡು' ಎನ್ನಲು ಎಷ್ಟೋ ತಾಯಂದಿರು ಅಳುಕುತ್ತಾರೆ. ಅಳುಕಬೇಕಿಲ್ಲ. ಅಮೆರಿಕದ ಬಾರ್ಬರಾ ಲ್ಯಾಂಡೌ ಮತ್ತು ಲೀಲಾ ಗ್ಲೈಟ್‌ಮನ್ ಹುಟ್ಟುಕುರುಡಿಯಾದ ಪುಟ್ಟ ಹುಡುಗಿಯೊಬ್ಬಳ ಭಾಷೆಯ ಬಗ್ಗೆ 1985ರಲ್ಲಿ ಪುಸ್ತಕ ಬರೆದರು. 'ಮೇಲೆ ನೋಡು' ಎಂದಾಗ, ಕಣ್ಣು ಕಾಣುವ ಮಕ್ಕಳು ಬಟ್ಟೆ ಕಟ್ಟಿದ್ದರೂ ಮುಖ ಎತ್ತಿದರು. ಈ ಹುಡುಗಿ ಮುಖ ಎತ್ತದೆ ಕೈಯನ್ನು ಮೇಲೆ ಚಾಚಿದಳು. ಅವಳ ಮಟ್ಟಿಗೆ ನೋಡುವುದು ಎಂದರೆ ಕೈಯಿಂದ ತಿಳಿಯುವುದು. ನಮ್ಮ ಕನ್ನಡಕ್ಕೆ ಇದು ಹೊಸತಲ್ಲ. ಮುಟ್ಟಿ ನೋಡು, ರುಚಿ ನೋಡು, ಕೇಳಿ ನೋಡು, ಮೂಸಿ ನೋಡು - ಎಲ್ಲ ಇಂದ್ರಿಯಕ್ಕೂ 'ನೋಡು' ಎಂದೇ ಹೇಳುವ ಭಾಷೆ ನಮ್ಮದು. ಆದರೆ 'ಅಲ್ಲಿದೆ, ಅದನ್ನು ತಗೋ' ಎಂದರೆ ಆ ಮಗುವಿಗೆ ಏನೂ ತಿಳಿಯದು. 'ನಿನ್ನ ಬಲಗೈ ಹತ್ತಿರ ಸ್ಟೀಲ್ ಲೋಟ ಇದೆ' ಎನ್ನಬೇಕು. ತೆಂಗಿನಕಾಯಿಯ ಹೆಸರು ಹೇಳುವಾಗ ಕಾಯಿಯನ್ನು ಕೈಗೆ ಕೊಟ್ಟು, ಅಲ್ಲಾಡಿಸಿ ಕೇಳಿಸಿ, ಒಡೆದ ಹೋಳು ಮುಟ್ಟಿಸಬೇಕು.

ಕಿವಿ ಕೇಳದ ಮಗುವಿನ ವಿಷಯದಲ್ಲಿ ತುರ್ತು ಇನ್ನೂ ಹೆಚ್ಚು. ಶ್ರವಣ ಸಾಧನ ಇರಲಿ, ಕಾಕ್ಲಿಯರ್ ಇಂಪ್ಲಾಂಟ್ ಇರಲಿ, ಎಷ್ಟು ಬೇಗ ಆಗುತ್ತದೋ ಅಷ್ಟು ಒಳ್ಳೆಯದು. ಶಸ್ತ್ರಚಿಕಿತ್ಸೆ ಆದ ಮರುದಿನ ಮಾತು ಬರುವುದಿಲ್ಲ. ವರ್ಷಗಟ್ಟಲೆ ಕೇಳುವ ತರಬೇತಿ ಬೇಕು. ಆ ತರಬೇತಿ ಕನ್ನಡದಲ್ಲಿಯೂ ನಡೆಯಬಹುದು. ಇಂಪ್ಲಾಂಟ್‌ಗೆ ಅರ್ಹರಲ್ಲದ, ಅಥವಾ ಅದರಿಂದ ಹೆಚ್ಚು ಪ್ರಯೋಜನ ಕಾಣದ ಮಕ್ಕಳು ಭಾಷೆಯೇ ಇಲ್ಲದೆ ಬೆಳೆಯಬೇಕಿಲ್ಲ. ಸನ್ನೆ ಭಾಷೆ ಪೂರ್ಣ ಭಾಷೆ. ಸನ್ನೆ ಭಾಷೆಯ ಮನೆಯಲ್ಲಿ ಹುಟ್ಟಿದ ಕಿವುಡು ಮಕ್ಕಳು ಬೇರೆ ಮಕ್ಕಳು 'ಬಬಬ' ಎನ್ನುವ ವಯಸ್ಸಿನಲ್ಲೇ ಕೈಯಿಂದ ತೊದಲುತ್ತಾರೆ ಎಂದು ಪೆಟಿಟೊ ಮತ್ತು ಮಾರೆಂಟೆಟ್ 1991ರಲ್ಲಿ ತೋರಿಸಿದರು. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರ ಹೊತ್ತಿಗೆ 10,000 ಪದಗಳ ಸನ್ನೆ ನಿಘಂಟು ಹೊರತಂದಿದೆ. ಅಮ್ಮ, ಅಪ್ಪ, ಅಜ್ಜಿಯೂ ಕಲಿತರೆ ಮಾತ್ರ ಅದು ಮಗುವಿನ ಮನೆಮಾತಾಗುತ್ತದೆ.

ಎಲ್ಲಿಗೆ ಹೋಗಬೇಕು?

ಮುಂಬಯಿಯವರಿಗೆ ಬಾಂದ್ರಾ ಪಶ್ಚಿಮದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆ ಇದೆ. 1983ರಲ್ಲಿ ಸ್ಥಾಪನೆಯಾದ ಕೇಂದ್ರ ಸರಕಾರದ ಸಂಸ್ಥೆ. ರಜೆಯಲ್ಲಿ ಊರಿಗೆ ಹೋಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್-ಶ್ರವಣ ಸಂಸ್ಥೆ ಇದೆ. 1965ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಕನ್ನಡದಲ್ಲೇ ಮಗುವಿನ ಭಾಷೆಯನ್ನು ಪರೀಕ್ಷಿಸಬಲ್ಲವರಿದ್ದಾರೆ. 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಅವಕಾಶವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಗುರುತಿಸಿದ್ದು, ಶ್ರವಣದೋಷ, ಅಂಧತ್ವ, ಆಟಿಸಂ, ಮಾತು ಮತ್ತು ಭಾಷೆಯ ತೊಂದರೆ ಎಲ್ಲವೂ ಅದರಲ್ಲಿ ಸೇರಿವೆ. ಪ್ರಮಾಣಪತ್ರ ಮಾಡಿಸಿದರೆ ಹೆಸರು ಕೆಡುತ್ತದೆ ಎಂದು ಹಿಂಜರಿಯುವವರಿದ್ದಾರೆ. ಶಾಲೆಯ ಸವಲತ್ತು, ಸಾಧನಗಳಿಗೆ ಸಹಾಯ ಎಲ್ಲಕ್ಕೂ ಆ ಕಾಗದವೇ ಆಧಾರ.

ತರಬೇತಿ ಕೊಡುವವರಿಗೆ ಕನ್ನಡ ಬಾರದಿದ್ದರೆ ಚಿಂತೆ ಬೇಡ. ಅವರು ಹಿಂದಿಯಲ್ಲೋ ಮರಾಠಿಯಲ್ಲೋ ಮಾಡುವುದನ್ನು ಅಜ್ಜಿ ಪಕ್ಕದಲ್ಲಿ ಕೂತು ನೋಡಲಿ, ಮನೆಗೆ ಬಂದು ಅದನ್ನೇ ಕನ್ನಡದಲ್ಲಿ ಮಾಡಲಿ. ವಾರಕ್ಕೆ ಎರಡು ಗಂಟೆಯ ತರಬೇತಿಗಿಂತ ಮನೆಯ ದಿನವಿಡೀ ಮಾತಿಗೆ ಬಲ ಹೆಚ್ಚು. ಚಿಕ್ಕ ವಾಕ್ಯ ಹೇಳಿ, ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಕಾಯಿರಿ. ಮಗು ನೋಡುತ್ತಿರುವ ವಸ್ತುವಿನ ಬಗ್ಗೆಯೇ ಮಾತಾಡಿ. ಎರಡು ವರ್ಷದೊಳಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ನಮ್ಮ ಸಂಘಗಳು ಮಾಡಬಹುದಾದದ್ದು

ಈ ಮಹಾನಗರದಲ್ಲಿ ನಮ್ಮ ಸಂಘ-ಸಂಸ್ಥೆಗಳು ರಕ್ತದಾನ ಶಿಬಿರ, ಸಕ್ಕರೆ ಕಾಯಿಲೆ ತಪಾಸಣೆ, ಕನ್ನಡಕ ವಿತರಣೆ ಎಲ್ಲವನ್ನೂ ಮಾಡುತ್ತ ಬಂದಿವೆ. ಅದೇ ಶಿಬಿರದಲ್ಲಿ ಐದು ವರ್ಷದೊಳಗಿನ ಮಕ್ಕಳ ಕಿವಿ ತಪಾಸಣೆಗೆ ಒಂದು ಮೇಜು ಹಾಕಿಸುವುದು ದೊಡ್ಡ ಖರ್ಚಲ್ಲ. ಮಹಿಳಾ ವಿಭಾಗದ ಅರಸಿನ ಕುಂಕುಮದ ದಿನ ವಾಕ್-ಶ್ರವಣ ತಜ್ಞರೊಬ್ಬರಿಂದ ಅರ್ಧ ಗಂಟೆ ಮಾಹಿತಿ ಕೊಡಿಸಬಹುದು. ಭಜನೆಯಲ್ಲಿ, ಯಕ್ಷಗಾನದಲ್ಲಿ ಕಿವಿ ಮುಚ್ಚಿಕೊಂಡು ಕಿರುಚುವ ಮಗುವನ್ನು ಕಂಡಾಗ 'ಹೊರಗೆ ಕರಕೊಂಡು ಹೋಗಿ' ಎನ್ನುವ ಬದಲು ಧ್ವನಿವರ್ಧಕದಿಂದ ದೂರ ಒಂದು ಕುರ್ಚಿ ಹಾಕಿಕೊಡಬಹುದು. ಆ ಮಗು ಕೆಟ್ಟ ಹಟ ಮಾಡುತ್ತಿಲ್ಲ. ನಮಗೆ ಹಿತವಾದ ಚೆಂಡೆ-ಮದ್ದಳೆ ಅದರ ಕಿವಿಗೆ ನೋವು.

ಇನ್ನೊಂದು ಮುಖ್ಯ ಮಾತು. ಕನ್ನಡ ಉಳಿಸಬೇಕು ಎಂದು ನಾವು ವೇದಿಕೆಯಲ್ಲಿ ಭಾಷಣ ಮಾಡುತ್ತೇವೆ. ಚುರುಕಾದ ಮಕ್ಕಳಿಗೆ ಕಂಠಪಾಠ ಸ್ಪರ್ಧೆ ಇಟ್ಟು ಬಹುಮಾನ ಕೊಡುತ್ತೇವೆ. ಮಾತು ಕಷ್ಟವಾದ ಮಗುವಿಗೂ ಕನ್ನಡದಲ್ಲಿ ಹಕ್ಕಿದೆ ಎಂಬುದು ನಮಗೆ ನೆನಪಾಗುವುದಿಲ್ಲ. ಮನೆಯವರೆಲ್ಲ ಕನ್ನಡದಲ್ಲಿ ನಗುತ್ತಿರುವಾಗ ಆ ಮಗು ಒಂದೇ ಇಂಗ್ಲಿಷಿನ ನಾಲ್ಕು ಅಪ್ಪಣೆಯೊಡನೆ ಮೂಲೆಯಲ್ಲಿ ಕೂತರೆ ಅದು ಸ್ವಂತ ಮನೆಯಲ್ಲೇ ಪರಕೀಯ. ಅದಕ್ಕೆ ಮುಂದೆ ಇಂಗ್ಲಿಷ್ ಬೇಕಾಗಬಹುದು, ಮರಾಠಿ ಬೇಕಾಗಬಹುದು. ಕನ್ನಡದ ಜೊತೆಗೇ ಅವನ್ನೂ ಕಲಿಯಲಿ.

ಅಕ್ಕನ ಮನೆಯಲ್ಲಿ ಪವಾಡವೇನೂ ಆಗಿಲ್ಲ. ಹುಡುಗನಿಗೆ ಈಗ ಏಳು ವರ್ಷ. ಶಾಲೆಯಲ್ಲಿ ಅವನ ಜೊತೆ ಒಬ್ಬ ಸಹಾಯಕ ಶಿಕ್ಷಕಿ ಇರುತ್ತಾರೆ. ಮಾತು ಇನ್ನೂ ಕಡಿಮೆ. ಸಂತೆಯಂಥ ಗದ್ದಲದಲ್ಲಿ ಈಗಲೂ ಕಿವಿ ಮುಚ್ಚಿಕೊಳ್ಳುತ್ತಾನೆ. "ಎಂತ ಬೇಕು ಮಗಾ?" ಎಂದು ಅವನು ಕೇಳಿದಾಗಲೆಲ್ಲ ಅಕ್ಕ ಸುಮಾರು ಎಂಟು ತಿಂಗಳು ಬೇಸರಿಸದೆ, "ನಂಗೆ ದೋಸೆ ಬೇಕು" ಎಂದು ಹೇಳಿ ದೋಸೆ ಕೊಟ್ಟರು. ಒಂದು ಬೆಳಿಗ್ಗೆ ಕಾವಲಿಯ ಸದ್ದು ಕೇಳಿ ಅಡುಗೆಮನೆಗೆ ಬಂದವನು ಬಾಗಿಲಲ್ಲಿ ನಿಂತು, "ದೋಸೆ ಬೇಕು" ಎಂದ. ಅಕ್ಕ ಅಂದೇ ನನಗೆ ಫೋನ್ ಮಾಡಿ ಹೇಳಿದರು. "ಎಷ್ಟು ದೋಸೆ ತಿಂದ?" ಎಂದು ಕೇಳಿದೆ. "ಲೆಕ್ಕ ಇಟ್ಟವರ್ ಯಾರ್ ಮಾರಾಯ?" ಎಂದರು.

ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ, ಸಂಘದ ಕೊನೆಯ ಸಾಲಿನಲ್ಲಿ ಇಂಥ ಮಗುವೊಂದು ಇದ್ದರೆ ಇಂದೇ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗುವಂತೆ ಹೇಳಿ. ಅಜ್ಜಿಗೆ ಮಾತಾಡಲು ಬಿಡುವಂತೆಯೂ ಹೇಳಿ.